ಎಡಗೈ ಹೆಬ್ಬೆರಳು, ನನ್ನ ಆಪರೇಷನ್, ಮತ್ತೆ 1884ರ ಹೆಂಡರ್ಸನ್

ಬ್ರೈನ್ ಟ್ಯೂಮರ್ ಆಪರೇಷನ್ ಆಗಿ ಮನೆಗೆ ಬಂದೋರನ್ನ ನೋಡೋಕೆ ಬರೋ ಜನ ಮೊದಲು ತಲೆ ನೋಡ್ತಾರೆ, ಆಮೇಲೆ "ಎಷ್ಟು ದೊಡ್ಡದಿತ್ತಂತೆ" ಅಂತಾರೆ, ಕಾಫಿ ಕುಡಿಯೋ ಹೊತ್ತಿಗೆ "ಒಟ್ಟು ಎಷ್ಟಾಯ್ತು ಖರ್ಚು" ಅನ್ನೋದು ಬರುತ್ತೆ. ಅದು ಅಲ್ಲೇ ಇದೆ ಅಂತ ಹೇಗೆ ಗೊತ್ತಾಯ್ತು ಅಂತ ಒಬ್ರೂ ಕೇಳಲ್ಲ. ಕೇಳೋದಾದ್ರೂ ಯಾಕೆ ಬಿಡಿ, ಈಗ ಎಂಆರ್‌ಐ ಇದೆ, ಫಿಲ್ಮ್ ಬೆಳಕಿಗೆ ಹಿಡಿದ್ರೆ ನನ್ನ ಅತ್ತೆಗೂ ಬಿಳಿ ಉಂಡೆ ಕಾಣ್ಸುತ್ತೆ. ಆದ್ರೆ ಎಂಆರ್‌ಐ ಬಿಡಿ, ಎಕ್ಸ್‌ರೇ ಕೂಡ ಇಲ್ಲದ ಕಾಲದಲ್ಲಿ ಡಾಕ್ಟ್ರುಗಳು ತಲೆ ತೆರೆದು ಸರಿಯಾದ ಜಾಗಕ್ಕೇ ಕೈ ಹಾಕಿದ್ರು. ಅದು ಹೇಗೆ ಅನ್ನೋದು ನನಗೆ ಅಂಟಿಕೊಂಡ ಹುಚ್ಚು. ಮೆಡಿಕಲ್ ಲೀವಲ್ಲಿ ಮನೇಲಿ ಕೂತು ಓದಿದ್ದೆಲ್ಲ ಅದೇ, ಹಾಗಾಗಿ ಇಲ್ಲಿ ನನ್ನ ಕಥೆ ಮತ್ತೆ ಆ ಕಥೆ ಎರಡೂ ಕಲಸಿಕೊಂಡಿರುತ್ತೆ, ಬೇಜಾರಾಗ್ಬೇಡಿ.

ನನಗೆ ಶುರುವಾಗಿದ್ದು ಎಡಗೈ ಹೆಬ್ಬೆರಳಿಂದ. ದಾವಣಗೆರೆಲಿ ಒಂದು ಸೊಸೈಟಿ ಬ್ಯಾಂಕಲ್ಲಿ ಕ್ಯಾಶ್ ಕೌಂಟರ್ ಕೆಲಸ ನಂದು. ಒಂದಿನ ನೋಟಿನ ಕಟ್ಟು ಹಿಡಿದಿದ್ದ ಹೆಬ್ಬೆರಳು ತಾನಾಗೇ ಟಪ್ ಟಪ್ ಅಂತ ಕುಣಿಯೋಕೆ ಹತ್ತಿತು, ಬಲಗೈಲಿ ಒತ್ತಿ ಹಿಡಿದ್ರೂ ನಿಲ್ತಿಲ್ಲ, ತೋರುಬೆರಳಿಗೆ ಹೋಯ್ತು, ಮಣಿಕಟ್ಟು, ಮೊಣಕೈ, ಭುಜ, ಕೊನೆಗೆ ಬಾಯಿಯ ಎಡಮೂಲೆ ಕಿವಿ ಕಡೆ ಎಳೀತು. ಪ್ರಜ್ಞೆ ಪೂರ್ತಿ ಇತ್ತು. ಎದುರಿಗೆ ನಿಂತ ಕಸ್ಟಮರ್ ಏನಾಯ್ತು ಮೇಡಂ ಅಂದ್ರೆ ಉತ್ತರ ಹೇಳೋಕೆ ನಾಲಿಗೆ ಹೊರಳ್ತಿಲ್ಲ ಅಷ್ಟೇ. ಅಟೆಂಡರ್ ಓಡಿ ಬಂದು ಫಿಟ್ಸ್‌ಗೆ ಕಬ್ಬಿಣ ಕೊಡ್ಬೇಕು ಅಂತ ಬೀಗದ ಕೈ ಗೊಂಚಲನ್ನ ಮುಷ್ಟಿಗೆ ತುರುಕಿದ್ರು, ಇನ್ಯಾರೋ ಈರುಳ್ಳಿ ಮೂಸಿಸಿ ಅಂದ್ರು, ಬ್ಯಾಂಕಲ್ಲಿ ಈರುಳ್ಳಿ ಎಲ್ಲಿಂದ ಬರ್ಬೇಕು. ಎರಡು ಮೂರು ನಿಮಿಷಕ್ಕೆ ತಾನಾಗೇ ನಿಂತೋಯ್ತು.

ಮೊದಲು ತೋರಿಸಿದ ಡಾಕ್ಟ್ರು ನರದ ವೀಕ್‌ನೆಸ್ಸು ಅಂತ ಬಿ ಕಾಂಪ್ಲೆಕ್ಸ್ ಬರೆದು ಕಳಿಸಿದ್ರು. ಮುಂದಿನ ಸಲ ಮನೇಲಿ ಬಂದಾಗ ನನ್ನ ಮೈದುನ ಬುದ್ಧಿವಂತ, ಹೆದರಿಕೊಂಡು ಅರಚೋ ಬದಲು ಮೊಬೈಲ್ ತೆಗೆದು ವಿಡಿಯೋ ಮಾಡಿದ. ಆ ವಿಡಿಯೋ ನೋಡಿದ ಇನ್ನೊಬ್ಬ ಡಾಕ್ಟ್ರು ಅವತ್ತೇ ಎಂಆರ್‌ಐ ಬರೆದ್ರು. ಬಲಗಡೆ, ನೆತ್ತಿಗೆ ಹತ್ತಿರ, ಮೆದುಳಿನ ಹೊದಿಕೆಯಿಂದ ಹುಟ್ಟಿದ ಗಡ್ಡೆ, ಮೆನಿಂಜಿಯೋಮಾ ಇರ್ಬೋದು ಅಂತ ರಿಪೋರ್ಟು. ಬೆಂಗಳೂರಿಗೆ ಹೋಗಿ ಅಂದ್ರು.

ಬೆಂಗಳೂರಲ್ಲಿ ಅಡ್ಮಿಟ್ ಆದಾಗ ಒಬ್ಬ ಹುಡುಗ, ಪಿಜಿ ಮಾಡ್ತಿರೋ ಡಾಕ್ಟ್ರು, ಮಂಚದ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು ಕೇಳ್ತಾನೇ ಇದ್ರು. "ಅಕ್ಕ, ಮೊದಲು ಹೆಬ್ಬೆರಳೇನಾ? ತೋರುಬೆರಳು ಅಲ್ವಾ? ಬಾಯಿ ಎಳೆಯೋದು ಕೈ ಆದ್ಮೇಲಾ, ಜೊತೆಗಾ? ನಿಂತ ಮೇಲೆ ಎಡಗೈ ಎಷ್ಟು ಹೊತ್ತು ಸೋತಿರುತ್ತೆ?" ನಾನು ಊಟ ಸರಿಯಿಲ್ದೆ, ನಿದ್ದೆ ಇಲ್ದೆ ಸಿಡಿಮಿಡಿ ಅಂತಿದ್ದೆ. "ಎಂಆರ್‌ಐ ಇದೆಯಲ್ಲ ಡಾಕ್ಟ್ರೇ, ಅದ್ರಲ್ಲೇ ನೋಡ್ಕೊಳಿ" ಅಂದೆ. ಆತ ನಕ್ಕು, "ಗಡ್ಡೆ ಎಲ್ಲಿದೆ ಅಂತ ಎಂಆರ್‌ಐ ಹೇಳುತ್ತೆ ಅಕ್ಕ, ಫಿಟ್ಸ್ ಎಲ್ಲಿಂದ ಹೊರಡುತ್ತೆ ಅಂತ ನೀವೇ ಹೇಳ್ಬೇಕು. ನಿಮ್ದು ಜಾಕ್ಸೋನಿಯನ್ ಫಿಟ್ಸು, ಓದಿ ನೋಡಿ ಬೇಕಾದ್ರೆ" ಅಂದ್ರು. ಓದಿದೆ.

ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಅಂತ ಲಂಡನ್ನಿನ ಡಾಕ್ಟ್ರು, 1860ರ ದಶಕದಿಂದ ಈ ತರ ಫಿಟ್ಸ್ ಬರೋರನ್ನ ಪಕ್ಕದಲ್ಲಿ ಕೂತು ನೋಡಿದ ಮನುಷ್ಯ. ಕೆಲವರಿಗೆ ಹೆಬ್ಬೆರಳಿಂದ, ಕೆಲವರಿಗೆ ಬಾಯಿ ತುದಿಯಿಂದ, ಕೆಲವರಿಗೆ ಕಾಲಿನ ಹೆಬ್ಬೆಟ್ಟಿಂದ ಶುರುವಾಗಿ ಒಂದು ಕ್ರಮದಲ್ಲಿ ಮೇಲಕ್ಕೆ ಹರಡುತ್ತೆ, ಹಾಗಾದ್ರೆ ಮೆದುಳಿನ ಮೇಲ್ಪದರದಲ್ಲೂ ಕೈ, ಮುಖ, ಕಾಲು ಅಕ್ಕಪಕ್ಕ ಇರ್ಬೇಕು ಅಂತ ಬರೀ ನೋಡಿ ಊಹಿಸಿದ್ರು. ಅವರ ಹೆಂಡತಿಗೇ ಇದೇ ತರ ಫಿಟ್ಸ್ ಇತ್ತಂತೆ, 1876ರಲ್ಲಿ ತೀರಿಕೊಂಡ್ರು. ಮನೇಲೂ ಅದೇ, ಆಸ್ಪತ್ರೇಲೂ ಅದೇ ನೋಡ್ತಾ ಹೇಗೆ ತಡ್ಕೊಂಡ್ರೋ.

ಊಹೆಗೆ ಸಾಕ್ಷಿ ಸಿಕ್ಕಿದ್ದು 1870ರಲ್ಲಿ. ಬರ್ಲಿನ್ನಲ್ಲಿ ಫ್ರಿಟ್ಶ್ ಮತ್ತೆ ಹಿಟ್ಸಿಗ್ ಅನ್ನೋ ಇಬ್ರು ನಾಯಿಯ ಮೆದುಳಿನ ಮೇಲೆ ಸಣ್ಣ ಕರೆಂಟ್ ಮುಟ್ಟಿಸಿದ್ರು, ಒಂದು ಕಡೆ ಮುಟ್ಟಿಸಿದ್ರೆ ಎದುರು ಕಡೆಯ ಕಾಲು ಜಗ್ಗಿತು. ಈ ಪ್ರಯೋಗ ಮಾಡಿದ್ದು ಲ್ಯಾಬಲ್ಲಲ್ಲ, ಮನೇಲಿ. ಆಮೇಲೆ ಇಂಗ್ಲೆಂಡಲ್ಲಿ ಡೇವಿಡ್ ಫೆರಿಯರ್ 1873ರಿಂದ ಕೋತಿಗಳ ಮೇಲೆ ಇದನ್ನೇ ಇನ್ನೂ ವಿವರವಾಗಿ ಮಾಡಿ ನಕ್ಷೆ ಬರೆದ್ರು. ಪ್ರಾಣಿಹಿಂಸೆ ವಿರೋಧಿಗಳು 1881ರಲ್ಲಿ ಅವರ ಮೇಲೆ ಕೇಸ್ ಹಾಕಿದ್ರು, ಕೇಸ್ ನಿಲ್ಲಲಿಲ್ಲ. ಕೋತಿಗಳ ವಿಷಯ ಓದೋವಾಗ ಹೊಟ್ಟೆ ತೊಳಸುತ್ತೆ, ಸುಳ್ಳು ಹೇಳಲ್ಲ. ಆದ್ರೆ ನನ್ನ ಎಡಗೈ ಇವತ್ತು ಕೆಲಸ ಮಾಡ್ತಿರೋದಕ್ಕೂ ಆ ನಕ್ಷೆಗೂ ಸಂಬಂಧ ಇದೆ, ಅದನ್ನೂ ಅಲ್ಲ ಅನ್ನೋಕಾಗಲ್ಲ.

ಈಗ ಹೆಂಡರ್ಸನ್ ಕಥೆ. ನಾನು ತುಂಬಾ ಸಲ ಓದಿದ್ದು ಇದನ್ನೇ, ಯಾಕಂದ್ರೆ ಗಡ್ಡೆ ಇದ್ದಿದ್ದು ಬಲಗಡೆ, ಸೋತಿದ್ದು ಎಡಗೈ.

ಸ್ಕಾಟ್ಲೆಂಡಿನ 25 ವರ್ಷದ ರೈತ. ಕೆಲವು ವರ್ಷ ಮುಂಚೆ ತಲೆ ಮೇಲೆ ಮರದ ತೊಲೆ ಬಿದ್ದಿತ್ತು, ಆಮೇಲೆ ಮುಖದ ಎಡಭಾಗ ಅದುರೋದು, ಅದು ಕೈಗೆ ಹರಡೋದು, ಬರ್ತಾ ಬರ್ತಾ ಎಡಗೈ ಪೂರ್ತಿ ಸ್ವಾಧೀನ ತಪ್ಪಿತು, ಕಾಲೂ ಎಳೆಯೋಕೆ ಶುರುವಾಯ್ತು, ತಲೆನೋವು ವಾಂತಿ ತಡೆಯೋಕಾಗ್ದೆ 1884ರ ನವೆಂಬರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಲ್ಲಿದ್ದ ಮೂರ್ಛೆ ಮತ್ತೆ ಲಕ್ವದ ಆಸ್ಪತ್ರೆ ಸೇರಿದ. ಅಲ್ಲಿನ ಫಿಸಿಶಿಯನ್ ಅಲೆಕ್ಸಾಂಡರ್ ಹ್ಯೂಸ್ ಬೆನೆಟ್. ಕಣ್ಣೊಳಗೆ ಬೆಳಕು ಬಿಟ್ಟು ನೋಡಿದ್ರು, ಕಣ್ಣಿನ ನರ ಊದಿಕೊಂಡಿದೆ, ಅಂದ್ರೆ ತಲೆಯೊಳಗೆ ಒತ್ತಡ ಜಾಸ್ತಿ ಇದೆ, ಗಡ್ಡೆನೇ ಇರ್ಬೇಕು. ಎಲ್ಲಿದೆ? ಮುಖ, ಕೈ, ಆಮೇಲೆ ಕಾಲು, ಅದ್ರಲ್ಲೂ ಜಾಸ್ತಿ ಸೋತಿರೋದು ಕೈ, ಹಾಗಾದ್ರೆ ಬಲಗಡೆ ಕೈಯ ಜಾಗದಲ್ಲಿ. ಗಾತ್ರ? ಇಷ್ಟು ವರ್ಷ ನಿಧಾನಕ್ಕೆ ಬೆಳೆದಿದೆ, ಲಕ್ಷಣ ಇಷ್ಟಕ್ಕೇ ನಿಂತಿದೆ, ಹಾಗಾಗಿ ತುಂಬಾ ದೊಡ್ಡದಿರಲ್ಲ. ಇಷ್ಟೇ ಲೆಕ್ಕಾಚಾರ. ಫಿಲ್ಮ್ ಇಲ್ಲ, ಸ್ಕ್ಯಾನ್ ಇಲ್ಲ, ರಾಂಟ್‌ಗೆನ್ ಎಕ್ಸ್‌ರೇ ಕಂಡುಹಿಡಿಯೋಕೆ ಇನ್ನೂ 11 ವರ್ಷ ಇತ್ತು. ತಲೆಬುರುಡೆ ಹೊರಗಿಂದ ನೋಡಿದ್ರೆ ಏನೂ ಗೊತ್ತಾಗ್ತಿರ್ಲಿಲ್ಲ.

ಇದಕ್ಕೆ ಮುಂಚೆ ಯಾರೂ ಮಾಡೇ ಇರ್ಲಿಲ್ಲ ಅಂತಲ್ಲ. 1879ರಲ್ಲಿ ಗ್ಲಾಸ್ಗೋದ ವಿಲಿಯಂ ಮೆಕ್ಯುವೆನ್ ಒಬ್ಬ 14 ವರ್ಷದ ಹುಡುಗಿಯ ಮೆದುಳಿನ ಹೊದಿಕೆಯ ಗಡ್ಡೆ ತೆಗೆದಿದ್ರು, ಅದು ನನ್ನ ಗಡ್ಡೆಯ ತರದ್ದೇ, ಆ ಹುಡುಗಿ 8 ವರ್ಷ ಬದುಕಿ ಕಿಡ್ನಿ ಕಾಯಿಲೆಯಿಂದ ತೀರಿಕೊಂಡ್ಲು, ಪೋಸ್ಟ್‌ಮಾರ್ಟಮ್‌ನಲ್ಲಿ ಗಡ್ಡೆ ವಾಪಸ್ ಬಂದಿರ್ಲಿಲ್ಲ. ಫಲಿತಾಂಶ ನೋಡಿದ್ರೆ ಮೆಕ್ಯುವೆನ್‌ದೇ ದೊಡ್ಡ ಸಾಧನೆ ಅಂತ ನನಗನ್ಸುತ್ತೆ. ಆದ್ರೆ ಆ ಹುಡುಗಿಗೆ ಕಣ್ಣಿನ ಮೇಲೆ ಒಂದು ಗಂಟು ಹೊರಗೇ ಇತ್ತು, ಒಂದು ಸುಳಿವು ಸಿಕ್ಕಿತ್ತು. ಹೆಂಡರ್ಸನ್ ವಿಷಯದಲ್ಲಿ ಅದೂ ಇಲ್ಲ, ನರದ ಲಕ್ಷಣ ಒಂದೇ ಆಧಾರ.

1884 ನವೆಂಬರ್ 25. ಸರ್ಜನ್ ರಿಕ್‌ಮನ್ ಗಾಡ್ಲಿ, ಆಪರೇಷನ್ ಮಾಡೋ ಜಾಗಕ್ಕೆಲ್ಲ ಕಾರ್ಬಾಲಿಕ್ ಆಸಿಡ್ ಹಾಕಿ ಅಂತ ಜಗತ್ತಿಗೆ ಹೇಳಿಕೊಟ್ಟ ಲಿಸ್ಟರ್ ಇದ್ದಾರಲ್ಲ, ಅವರ ಸೋದರಳಿಯ. ಜಾಕ್ಸನ್, ಫೆರಿಯರ್ ಇಬ್ರೂ ನೋಡೋಕೆ ಬಂದು ನಿಂತಿದ್ರು. ಕ್ಲೋರೋಫಾರ್ಮ್ ಕೊಟ್ಟು, ಮೂಳೆ ತೆಗೆದು, ಹೊದಿಕೆ ಸೀಳಿ ನೋಡಿದ್ರೆ ಮೆದುಳಿನ ಮೇಲ್ಭಾಗ ಮಾಮೂಲಾಗೇ ಇದೆ. ಗಡ್ಡೆ ಕಾಣ್ತಿಲ್ಲ. ನಾನು ಇಲ್ಲಿ ಪ್ರತೀ ಸಲ ಓದೋದು ನಿಲ್ಲಿಸ್ತೀನಿ. ಲಕ್ಷಣ ನೋಡಿ ಲೆಕ್ಕ ಹಾಕಿದ ಜಾಗ, ಎದುರಿಗೆ ಆರೋಗ್ಯವಾಗಿ ಕಾಣೋ ಮೆದುಳು, ಕುಯ್ಯೋದಾ ಮುಚ್ಚೋದಾ? ಗಾಡ್ಲಿ ಕುಯ್ದ್ರು. ಮೇಲ್ಪದರದ ಸ್ವಲ್ಪವೇ ಕೆಳಗೆ ಸಿಕ್ಕಿತು, ಆಕ್ರೋಟ್ ಗಾತ್ರದ ಗಟ್ಟಿ ಗ್ಲಯೋಮಾ, ಅಂದ್ರೆ ಹೊದಿಕೆಯಿಂದಲ್ಲ, ಮೆದುಳಿನೊಳಗಿಂದಲೇ ಹುಟ್ಟೋ ಗಡ್ಡೆ.

ಹೆಂಡರ್ಸನ್‌ಗೆ ಎಚ್ಚರ ಆಯ್ತು, ತಲೆನೋವು ಹೋಯ್ತು, ವಾಂತಿ ನಿಂತಿತು, ಫಿಟ್ಸ್ ನಿಂತಿತು. ಆಮೇಲೆ ಗಾಯಕ್ಕೆ ಇನ್‌ಫೆಕ್ಷನ್. ಲಿಸ್ಟರ್ ಮನೆಯವರೇ ಮಾಡಿದ ಆಪರೇಷನ್ನಲ್ಲಿ! ಸುಮಾರು 4 ವಾರಕ್ಕೆ ತೀರಿಕೊಂಡ. ಅವನಿನ್ನೂ ಆಸ್ಪತ್ರೆಲಿ ಮಲಗಿರೋವಾಗ್ಲೇ, ಡಿಸೆಂಬರ್ 16ಕ್ಕೆ, ದಿ ಟೈಮ್ಸ್ ಪತ್ರಿಕೇಲಿ ಒಂದು ಪತ್ರ ಬಂತು, ನೋಡಿ, ಕೋತಿಗಳ ಮೇಲೆ ಪ್ರಯೋಗ ಮಾಡಿದ್ದಕ್ಕೇ ಈ ಮನುಷ್ಯ ಉಳಿದ ಅಂತ. ಅದಕ್ಕೆ ಎದುರಾಳಿಗಳ ಉತ್ತರ, ಅದಕ್ಕೆ ಇವರ ಉತ್ತರ. ಅತ್ತ ಆ ಹುಡುಗನ ಗಾಯ ಕೀವಾಗ್ತಿದೆ, ಇತ್ತ ಇವರು ಪೇಪರಲ್ಲಿ ಜಗಳ. ಎರಡೂ ಪಾರ್ಟಿ ಮೇಲೆ ಸಿಟ್ಟು ಬರುತ್ತೆ ನನಗೆ. ಚರಿತ್ರೇಲಿ ಗಾಡ್ಲಿ ಹೆಸರು ದೊಡ್ಡಕ್ಷರದಲ್ಲಿದೆ, ಜಾಗ ಲೆಕ್ಕ ಹಾಕಿದ ಬೆನೆಟ್ ಹೆಸರು ಅದರ ಹಿಂದೆ, ಹೆಂಡರ್ಸನ್ ಎಲ್ಲೋ ಮೂಲೇಲಿ.

ನನ್ನ ಆಪರೇಷನ್ ಹಿಂದಿನ ದಿನ ಹೈ ರಿಸ್ಕ್ ಕನ್ಸೆಂಟ್ ಫಾರ್ಮಿಗೆ ಸೈನ್ ಹಾಕಿಸಿಕೊಂಡ್ರು. ಎಡಗೈ ಎಡಗಾಲು ಬಲ ಹೋಗ್ಬೋದು, ಫಿಟ್ಸ್ ಮುಂದುವರೀಬೋದು, ಬ್ಲೀಡಿಂಗ್, ಇನ್‌ಫೆಕ್ಷನ್, ಜೀವಕ್ಕೂ ಅಪಾಯ. ನಮ್ಮ ಯಜಮಾನ್ರು ಪೆನ್ ಹಿಡ್ಕೊಂಡು ನನ್ನ ಮುಖ ನೋಡ್ತಿದ್ರು. "ಹಾಕ್ರಿ, ಏನೂ ಆಗಲ್ಲ" ಅಂದೆ, ಒಳಗೆ ಪುಕುಪುಕು. ಬ್ಲಡ್ ಕೊಡೋಕೆ ಅಂತ ಊರಿಂದ ಮೈದುನನ ಸ್ನೇಹಿತ್ರು ಕ್ರೂಸರ್ ಮಾಡ್ಕೊಂಡು ಬಂದಿದ್ರು, ಅದ್ರಲ್ಲಿ ಎಲ್ಲರಿಗಿಂತ ದಪ್ಪ ಮೀಸೆಯವನು ಸೂಜಿ ಚುಚ್ಚಿದ ಕೂಡ್ಲೇ ತಲೆಸುತ್ತಿ ಬಿದ್ದ, ಅವನಿಗೇ ಫ್ರೂಟಿ ಕುಡಿಸಿ ಮಲಗಿಸಿದ್ರಂತೆ.

ಪೂರ್ತಿ ಬೋಳಿಸ್ತಾರೆ ಅಂದ್ಕೊಂಡಿದ್ದೆ, ಇಲ್ಲ, ಕುಯ್ಯೋ ಕಡೆ ಮಾತ್ರ ಒಂದು ಪಟ್ಟಿ. ಹಣೆಗೆ ನೆತ್ತಿಗೆ ಗುಂಡಗಿನ ಸ್ಟಿಕರ್‌ಗಳನ್ನ ಅಂಟಿಸಿ ಮತ್ತೆ ಸ್ಕ್ಯಾನ್ ಮಾಡಿದ್ರು, ನ್ಯಾವಿಗೇಷನ್ ಅಂತೆ, ಆಪರೇಷನ್ ಟೇಬಲಲ್ಲಿ ಸರ್ಜನ್ ಒಂದು ಕಡ್ಡಿಲಿ ತಲೆ ಮುಟ್ಟಿದ್ರೆ ಸ್ಕ್ರೀನಲ್ಲಿ ಒಳಗಿನ ಜಾಗ ಕಾಣುತ್ತಂತೆ. ಬೆನೆಟ್‌ಗೆ ತೋರಿಸ್ಬೇಕಿತ್ತು ಅನ್ನಿಸ್ತು.

ಥಿಯೇಟರಲ್ಲಿ ನನಗೆ ನೆನಪಿರೋದು ಚಳಿ, ತೋಳಿಗೆ ಬಿಪಿ ಪಟ್ಟಿ ಬಿಗಿಯೋದು, ಪಕ್ಕದ ಮಾನಿಟರಲ್ಲಿ ಹಸಿರು ಗೆರೆ. ಈ ಬಿಪಿ ಪಟ್ಟಿಗೂ ಒಂದು ಕಥೆ ಇದೆ. ಹಾರ್ವಿ ಕುಶಿಂಗ್ ಅಂತ ಅಮೆರಿಕದ ಸರ್ಜನ್, ಮೆದುಳಿನ ಸರ್ಜರಿಯನ್ನೇ ಒಂದು ಪ್ರತ್ಯೇಕ ವಿದ್ಯೆ ಮಾಡಿದ ಮನುಷ್ಯ. ಸ್ಟೂಡೆಂಟ್ ಆಗಿದ್ದಾಗ ಇವರು ಈಥರ್ ಕೊಟ್ಟ ಪೇಷೆಂಟ್ ಒಬ್ರು ಟೇಬಲ್ ಮೇಲೇ ಹೋದ್ರು. ಅದು ಅವರನ್ನ ಬಿಡ್ಲೇ ಇಲ್ಲ, ಮುಂದೆ ಕಾಡ್ಮನ್ ಅನ್ನೋ ಗೆಳೆಯನ ಜೊತೆ ಸೇರ್ಕೊಂಡು ಆಪರೇಷನ್ ಪೂರ್ತಿ ನಾಡಿ, ಉಸಿರು ಬರೆದಿಡೋ ಚಾರ್ಟ್ ಶುರುಮಾಡಿದ್ರು. 1901ರಲ್ಲಿ ಇಟಲಿಯ ಪಾವಿಯಾಗೆ ಹೋಗಿದ್ದಾಗ ಅಲ್ಲಿ ರಿವಾ ರೋಚಿ ಮಾಡಿದ ಬಿಪಿ ಅಳೆಯೋ ಪಟ್ಟಿ ನೋಡಿ ಅಮೆರಿಕಕ್ಕೆ ತಗೊಂಡು ಬಂದ್ರು. ಬಾಸ್ಟನ್ನಿನ ದೊಡ್ಡ ಡಾಕ್ಟ್ರುಗಳು ಇದನ್ನ ಎಲ್ಲರಿಗೂ ಹಾಕೋ ಅವಶ್ಯಕತೆ ಇಲ್ಲ ಅಂತ ತಳ್ಳಿಹಾಕಿದ್ರಂತೆ!

ಆಗಿನ ದೊಡ್ಡ ಶತ್ರು ರಕ್ತಸ್ರಾವ. ತಲೆಯೊಳಗಿನ ರಕ್ತನಾಳ ಕೈಯಿನ ರಕ್ತನಾಳದ ತರ ದಾರ ಕಟ್ಟಿ ನಿಲ್ಲಿಸೋಕೆ ಬರಲ್ಲ. ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಮೂಳೆಯಿಂದ ಒಸರೋ ರಕ್ತಕ್ಕೆ ಜೇನುಮೇಣ ಕಲಸಿ ಹಚ್ಚಿದ್ರು, ಇವತ್ತಿಗೂ ಬೋನ್ ವ್ಯಾಕ್ಸ್ ಅಂತ ನನ್ನ ಡಿಸ್ಚಾರ್ಜ್ ಬಿಲ್ಲಲ್ಲಿ ಒಂದು ಐಟಂ ಇದೆ. ಕುಶಿಂಗ್ 1911ರಲ್ಲಿ ಬೆಳ್ಳಿಯ ಪುಟಾಣಿ ಕ್ಲಿಪ್ ಮಾಡಿದ್ರು. ಆಮೇಲೆ 1926 ಅಕ್ಟೋಬರ್ 1ಕ್ಕೆ ಬಾಸ್ಟನ್ನಲ್ಲಿ, ಬೋವಿ ಅನ್ನೋ ವಿಜ್ಞಾನಿ ತಯಾರಿಸಿದ ಕರೆಂಟ್ ಯಂತ್ರದಿಂದ, ಕೆಲವೇ ದಿನ ಮುಂಚೆ ರಕ್ತ ನಿಲ್ಲದೆ ಅರ್ಧಕ್ಕೇ ಬಿಟ್ಟಿದ್ದ ಗಡ್ಡೆಯನ್ನ ಸುಟ್ಟು ಸುಟ್ಟು ತೆಗೆದ್ರು. ಅವತ್ತು ಥಿಯೇಟರಲ್ಲಿ ರಕ್ತ ಕೊಡೋಕೆ ಕೂತಿದ್ದ ಸ್ಟೂಡೆಂಟ್ ಮೂರ್ಛೆ ಹೋಗಿ ಬಿದ್ದನಂತೆ. ನಮ್ಮ ಮೀಸೆಯವನಿಗೆ ಇದನ್ನ ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯ್ತು. ಒಂದು ವಿಚಿತ್ರ ನೋಡಿ, ಮೊದಲ ಸಿಟಿ ಸ್ಕ್ಯಾನ್ ಪೇಷೆಂಟ್ ಮೇಲೆ ಮಾಡಿದ್ದೂ ಅಕ್ಟೋಬರ್ 1, ವರ್ಷ 1971, ಲಂಡನ್ ಪಕ್ಕದ ವಿಂಬಲ್ಡನ್ನಲ್ಲಿ, ಅದೂ ಬ್ರೈನ್ ಟ್ಯೂಮರ್ ಅನುಮಾನ ಇದ್ದ ಹೆಂಗಸಿಗೇ.

ಸ್ಕ್ಯಾನ್ ಬರೋ ತನಕ ಮಧ್ಯದಲ್ಲಿ ಏನು ಮಾಡ್ತಿದ್ರು ಅಂದ್ರೆ, 1918ರಲ್ಲಿ ವಾಲ್ಟರ್ ಡ್ಯಾಂಡಿ ಅನ್ನೋರು ಮೆದುಳಿನೊಳಗಿನ ನೀರು ತೆಗೆದು ಆ ಜಾಗಕ್ಕೆ ಗಾಳಿ ತುಂಬಿ ಎಕ್ಸ್‌ರೇ ತೆಗೆದ್ರು, ಗಾಳಿಯ ನೆರಳು ಎಲ್ಲಿ ಓರೆಯಾಗಿದೆಯೋ ಅಲ್ಲಿ ಗಡ್ಡೆ. ಪೇಷೆಂಟ್‌ಗೆ ತಲೆ ಸಿಡಿಯೋ ನೋವು. ಎಂಆರ್‌ಐ ಮಷಿನ್ ಒಳಗೆ ಟಕಟಕ ಸದ್ದಿಗೆ ಗೊಣಗಿದ ನಾನು ಇದನ್ನ ಓದಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಎಚ್ಚರ ಆಗಿದ್ದು ಐಸಿಯುನಲ್ಲಿ. "ಹೆಸರು ಹೇಳಿ, ಎಲ್ಲಿದೀರಾ, ಎರಡೂ ಕೈ ಎತ್ತಿ, ನನ್ನ ಬೆರಳು ಒತ್ತಿ." ನಿದ್ದೆ ಹತ್ತೋ ಅಷ್ಟರಲ್ಲಿ ಮತ್ತೆ ಬಂದು ಹೆಸರು ಹೇಳಿ. ಬಲಗೈ ಎದ್ದಿತು, ಎಡಗೈ ಹಾಸಿಗೆ ಮೇಲೇ ಇತ್ತು. ಎದ್ದೇಳು ಅಂತ ಮನಸ್ಸಲ್ಲಿ ಎಷ್ಟು ಹೇಳಿದ್ರೂ ಅದು ಬೇರೆಯವರ ಕೈ ಅನ್ನೋ ಹಾಗೆ ಬಿದ್ದಿತ್ತು. ಅತ್ತುಬಿಟ್ಟೆ. ಪಿಜಿ ಡಾಕ್ಟ್ರು ಬಂದು "ಊತ ಇಳಿದ ಮೇಲೆ ಬರುತ್ತೆ ಅಕ್ಕ, ಕೊನೇವರೆಗೂ ಸಿಗ್ನಲ್ ಚೆನ್ನಾಗಿತ್ತು" ಅಂದ್ರು. ಯಾವ ಸಿಗ್ನಲ್? ಆಮೇಲೆ ನೋಡಿದ್ರೆ ಎಡಗೈ ಹೆಬ್ಬೆರಳಿನ ಬುಡದ ಮಾಂಸಖಂಡದಲ್ಲಿ ಎರಡು ಸೂಜಿ ಗುರುತು, ಮುಂಗೈಯಲ್ಲಿ ಎರಡು, ಪಾದದಲ್ಲೂ. ನಾನು ಮಲಗಿರೋವಾಗ ಮೆದುಳಿಗೆ ಸಣ್ಣ ಕರೆಂಟ್ ಕೊಟ್ಟು ಹೆಬ್ಬೆರಳಲ್ಲಿ ಅದು ಬರುತ್ತಾ ಅಂತ ಸೂಜಿಲಿ ನೋಡ್ತಾ ನೋಡ್ತಾ ಗಡ್ಡೆ ಬಿಡಿಸಿದ್ದಾರೆ. 1870ರಲ್ಲಿ ಆ ಇಬ್ರು ನಾಯಿಗೆ ಮಾಡಿದ್ದು ಇದನ್ನೇ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಇದನ್ನ ಎಚ್ಚರವಾಗಿರೋ ಪೇಷೆಂಟ್ ಮೇಲೆ ಮಾಡಿ ಮನುಷ್ಯನ ಮೆದುಳಿನ ನಕ್ಷೆ ಬರೆದ್ರು, ಅದ್ರಲ್ಲಿ ಹೆಬ್ಬೆರಳಿಗೆ ಸಿಕ್ಕಿರೋ ಜಾಗ ನೋಡಿದ್ರೆ ಆಶ್ಚರ್ಯ ಆಗುತ್ತೆ, ಅಷ್ಟು ದೊಡ್ಡದು. ಪೆನ್‌ಫೀಲ್ಡ್ ತಮ್ಮ ಸ್ವಂತ ಅಕ್ಕನ ಬ್ರೈನ್ ಟ್ಯೂಮರನ್ನೂ 1928ರಲ್ಲಿ ತಾವೇ ಆಪರೇಷನ್ ಮಾಡಿದ್ರು, ಪೂರ್ತಿ ತೆಗೆಯೋಕಾಗಲಿಲ್ಲ, 1931ರಲ್ಲಿ ಆಕೆ ತೀರಿಕೊಂಡ್ರು. ಇದೇ ಪೆನ್‌ಫೀಲ್ಡ್ ಹತ್ರ ಕಲಿತ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನ ಸಿಎಂಸಿಲಿ ನ್ಯೂರೋಸರ್ಜರಿ ಶುರುಮಾಡಿದ್ದು, ನಮ್ಮ ದೇಶದಲ್ಲಿ ಇದರ ಆರಂಭ ಅಲ್ಲಿಂದ. ಬೆಂಗಳೂರಲ್ಲಿ ಈಗಿನ ನಿಮ್ಹಾನ್ಸ್ ಇನ್ನೂ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಆಗಿದ್ದಾಗ, 1950ರ ದಶಕದ ಕೊನೇಲಿ, ಡಾ. ಮಾರ್ತಾಂಡ ವರ್ಮ ಅವರ ಕೈಲಿ ಶುರುವಾಯ್ತು.

ಕೈ ನಿಧಾನಕ್ಕೆ ಬಂತು. ಮೊದಲು ಭುಜ, ಆಮೇಲೆ ಮೊಣಕೈ, ಬೆರಳು ಕೊನೆಗೆ, ಹೆಬ್ಬೆರಳು ಎಲ್ಲಕ್ಕಿಂತ ಕೊನೆಗೆ, ಫಿಟ್ಸ್ ಹರಡಿದ್ದ ದಾರೀಲೇ ಉಲ್ಟಾ. ಫಿಸಿಯೋದವರು ಸ್ಪಾಂಜ್ ಬಾಲ್ ಕೊಟ್ಟಿದ್ರು, ನನಗೆ ಅದಕ್ಕಿಂತ ಚಪಾತಿ ಹಿಟ್ಟು ನಾದೋದೇ ಸರಿಹೋಯ್ತು. ಸ್ಟೆರಾಯ್ಡ್ ನುಂಗೋ ತನಕ ಎಂತ ಹಸಿವು ಅಂತೀರಾ, ನಡುರಾತ್ರಿ ಎದ್ದು ತಂಗಳು ಅನ್ನ ಹುಡುಕ್ತಿದ್ದೆ, ಮುಖ ಊದಿ ಕನ್ನಡಿ ನೋಡೋಕೆ ಬೇಜಾರು.

ಬಯಾಪ್ಸಿ ರಿಪೋರ್ಟ್ ಬಂತು, ಮೆನಿಂಜಿಯೋಮಾ, ಗ್ರೇಡ್ 1, ಅಂದ್ರೆ ಕ್ಯಾನ್ಸರ್ ಅಲ್ಲ. ಎಲ್ಲರೂ ದೇವರಿಗೆ ತುಪ್ಪದ ದೀಪ ಹಚ್ಚಿದ್ರು. ನಾನು ಮಾತ್ರ ಆಗ್ಲೇ ಲಿಯೊನಾರ್ಡ್ ವುಡ್ ಬಗ್ಗೆ ಓದಿ ತಲೆ ಕೆಡಿಸ್ಕೊಂಡಿದ್ದೆ. ಅಮೆರಿಕದ ಸೇನಾಧಿಕಾರಿ, ನನ್ನ ತರಾನೇ ನೆತ್ತಿ ಪಕ್ಕದ ಮೆನಿಂಜಿಯೋಮಾ, 1910ರಲ್ಲಿ ಕುಶಿಂಗ್ ತೆಗೆದ್ರು, ಎದ್ದು ಹೋಗಿ ಸೇನಾ ಮುಖ್ಯಸ್ಥನಾದ, 1920ರಲ್ಲಿ ಅಧ್ಯಕ್ಷ ಪದವಿಗೆ ಟಿಕೆಟ್ ಸಿಗೋ ಮಟ್ಟಕ್ಕೆ ಬಂದಿದ್ದ, ಫಿಲಿಪ್ಪೀನ್ಸ್ ಗವರ್ನರ್ ಜನರಲ್ ಆದ. ಗಡ್ಡೆ ಮತ್ತೆ ಬೆಳೀತು. 1927ರಲ್ಲಿ ಮತ್ತೆ ಕುಶಿಂಗ್ ಕೈಲೇ ಆಪರೇಷನ್, ಕೆಲವೇ ಗಂಟೆಲಿ ತೀರಿಕೊಂಡ. ಕುಶಿಂಗ್‌ಗೆ ಅದು ತುಂಬಾ ದಿನ ಕೊರೀತಿತ್ತಂತೆ. ಅವರು ಸಾವಿನ ಪ್ರಮಾಣವನ್ನ ಸುಮಾರು ಹತ್ತಕ್ಕೆ ಒಂದಕ್ಕೆ ಇಳಿಸಿದ್ದವರು, 1931ರ ಏಪ್ರಿಲಲ್ಲಿ ಬ್ರೈನ್ ಟ್ಯೂಮರಿನ 2000ನೇ ಆಪರೇಷನ್ ಮಾಡಿದವರು, ಆದ್ರೂ. ನಮ್ಮ ಸರ್ಜನ್ ಹತ್ರ ಈ ವಿಷಯ ಎತ್ತಿದೆ. "ಅವರ ಕಾಲಕ್ಕೆ ಸ್ಕ್ಯಾನ್ ಇರ್ಲಿಲ್ಲಮ್ಮ, ಬೆಳೀತಿದೆ ಅಂತ ಗೊತ್ತಾಗೋದು ಕಾಲು ಎಳೆದ ಮೇಲೆ. ನೀವು ವರ್ಷಕ್ಕೊಂದು ಎಂಆರ್‌ಐ ಮಾಡಿಸಿ, ಇಂಟರ್ನೆಟ್ ಸ್ವಲ್ಪ ಕಮ್ಮಿ ಮಾಡಿ" ಅಂದ್ರು.

ಕುಶಿಂಗ್ ಜೊತೆ ಲೂಯಿಸ್ ಐಸೆನ್‌ಹಾರ್ಟ್ ಅಂತ ಒಬ್ಬ ಹೆಂಗಸಿದ್ರು, ಬರವಣಿಗೆ ಕೆಲಸಕ್ಕೆ ಅಸಿಸ್ಟೆಂಟ್ ಆಗಿ ಸೇರಿ, ಆಮೇಲೆ ಡಾಕ್ಟರಿಕೆ ಓದಿ, ಗಡ್ಡೆಗಳನ್ನ ಮೈಕ್ರೋಸ್ಕೋಪಲ್ಲಿ ಗುರುತಿಸೋದ್ರಲ್ಲಿ ಹೆಸರು ಮಾಡಿದವರು. ಒಂದೊಂದು ಪೇಷೆಂಟ್ ಏನಾದ್ರು, ಎಷ್ಟು ವರ್ಷ ಬದುಕಿದ್ರು ಅಂತ ಬರೆದಿಟ್ಟವರು ಅವರು. ಪೇಷೆಂಟ್‌ಗಳು ಪ್ರತೀ ವರ್ಷ ಹೇಗಿದೀವಿ ಅಂತ ಕಾಗದ ಹಾಕ್ಬೇಕು ಅಂತ ಕುಶಿಂಗ್ ಕೇಳ್ಕೊಳ್ತಿದ್ರಂತೆ. ಇಬ್ರೂ ಸೇರಿ 1938ರಲ್ಲಿ ಮೆನಿಂಜಿಯೋಮಾ ಮೇಲೆ ದಪ್ಪನೆ ಪುಸ್ತಕ ತಂದ್ರು. ಮರುವರ್ಷ ಕುಶಿಂಗ್ ತೀರಿಕೊಂಡಾಗ ಪೋಸ್ಟ್‌ಮಾರ್ಟಮ್ ಮಾಡಿ ನೋಡಿದ್ರೆ ಅವರ ಮೆದುಳಲ್ಲೇ ಒಂದು ಸಣ್ಣ ಗಡ್ಡೆ, ಸುಮಾರು 1 ಸೆಂಟಿಮೀಟರ್, ಜೀವನ ಪೂರ್ತಿ ಅದು ಅವರಿಗೆ ಯಾವ ತೊಂದರೆನೂ ಕೊಟ್ಟಿರ್ಲಿಲ್ಲ.

ನಮ್ಮ ಆಸ್ಪತ್ರೆಯಿಂದ ಕಾಗದ ಕೇಳಲ್ಲ, ಫೋನ್ ಬರುತ್ತೆ. ಮೊನ್ನೆ ಒಂದು ಹುಡುಗಿ ಮಾಡಿದ್ಲು, ಫಾರ್ಮ್ ಓದ್ತಾ ಓದ್ತಾ ಕೇಳ್ತಾಳೆ. ಫಿಟ್ಸ್ ಬಂದಿದ್ಯಾ, ಮಾತ್ರೆ ಬಿಟ್ಟಿದೀರಾ, ಕೆಲಸಕ್ಕೆ ಹೋಗ್ತಿದೀರಾ, ಬಟನ್ ಹಾಕ್ಕೊಳ್ಳೋಕೆ ಬರುತ್ತಾ, ತಲೆ ಬಾಚ್ಕೊಳ್ಳೋಕೆ ಬರುತ್ತಾ. ಎಲ್ಲಾ ಬರುತ್ತಮ್ಮ, ಸೀರೆ ಸೆರಗಿಗೆ ಪಿನ್ ಹಾಕೋಕೆ ಮಾತ್ರ ಇನ್ನೂ ಎಡಗೈ ಹೆಬ್ಬೆರಳು ಕೇಳ್ತಿಲ್ಲ ಅಂದೆ. ಸ್ವಲ್ಪ ಹೊತ್ತು ಟೈಪ್ ಮಾಡೋ ಸದ್ದು. "ಮೇಡಂ, ಆ ಆಪ್ಶನ್ ಇದ್ರಲ್ಲಿ ಇಲ್ಲ, ಅದರ್ಸ್ ಅಂತ ಹಾಕ್ಲಾ?" ಅಂದ್ಲು. ಹಾಕಮ್ಮ ಅಂದೆ.